ಗಾಜಿನ ಮನೆಯ ಗುರಿಕಾರ

ಬಳಗದ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಮೂರು ಸಲ ಕೇಳಿದರು. ಕವಿತೆ ನನ್ನಿಂದಾಗದು. ಕತೆ ಬರೆಯಹೋದರೆ ಎರಡನೇ ಪುಟಕ್ಕೇ ನಾಯಕ ಸತ್ತುಹೋಗುತ್ತಾನೆ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಗೊತ್ತಿರುವುದು ಎರಡೇ ಸಂಗತಿ: ಒಂದು ಜಮಾ-ಖರ್ಚು, ಇನ್ನೊಂದು ಮಾವನ ಮನೆಯ ಮೀನಿನ ತೊಟ್ಟಿ. ಜಮಾ-ಖರ್ಚಿನ ಬಗ್ಗೆ ಬರೆದರೆ ಯಾರೂ ಓದಲಿಕ್ಕಿಲ್ಲ. ಹಾಗಾಗಿ ಮೀನಿನ ಬಗ್ಗೆ ಬರೆಯುತ್ತೇನೆ. ಅದೂ ಸಾಧು ಮೀನಿನ ಬಗ್ಗೆ ಅಲ್ಲ, ಶುದ್ಧ ಜಗಳಗಂಟ ಮೀನಿನ ಬಗ್ಗೆ. ಅದರ ಹೆಸರು ಟ್ರಿಗರ್‌ಫಿಶ್. ಇದನ್ನು ಓದಿದ ಮೇಲೆ ಒಬ್ಬರಾದರೂ ನಾನು ಮಾಡಿದ ತಪ್ಪನ್ನು ಮಾಡದೆ ಉಳಿದರೆ ಬರೆದದ್ದು ಸಾರ್ಥಕ.

ಮನೆಗೆ ಬಂದ ದಿನ

ಮುಲುಂಡಿನಲ್ಲಿರುವ ಸೋದರಮಾವನ ಮನೆಯ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಇದೆ. ಉಪ್ಪುನೀರಿನ ತೊಟ್ಟಿ. ಇಂಥದಕ್ಕೆ ರೀಫ್ ಟ್ಯಾಂಕ್ ಅನ್ನುತ್ತಾರೆ. ಅಂದ್ರೆ ಹವಳದ ದಿಬ್ಬದ ಒಂದು ತುಣುಕನ್ನು ಮನೆಯೊಳಗೆ ಕಟ್ಟಿದ ಹಾಗೆ. ತೂತು ತೂತಾದ ಕಲ್ಲುಗಳು, ಕಲ್ಲಿಗೆ ಅಂಟಿ ಬೆಳೆಯುವ ಮೆತ್ತನೆಯ ಅಣಬೆ ಹವಳ, ಎರಡು ಕ್ಲೌನ್ ಮೀನು, ಮೂರು ನೀಲಿ ಡ್ಯಾಮ್ಸೆಲ್, ಪಾಚಿ ಮೇಯಲು ಹತ್ತು-ಹನ್ನೆರಡು ಬಸವನಹುಳು, ಶಂಖದೊಳಗೆ ಸಂಸಾರ ಹೂಡಿದ ಒಂದು ಸನ್ಯಾಸಿ ಏಡಿ. ಎಲ್ಲಕ್ಕಿಂತ ಚಂದ, ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆಯಿರುವ ಎರಡು ಕ್ಲೀನರ್ ಸಿಗಡಿ. ಅವು ಮೀನುಗಳ ಮೈ ಹತ್ತಿ ಅಂಟಿಕೊಂಡ ಹುಳಹುಪ್ಪಟೆ ಹೆಕ್ಕಿ ತಿನ್ನುತ್ತವೆ. ಮೀನುಗಳೂ ಸಲೂನಿನಲ್ಲಿ ಕೂತವರ ಹಾಗೆ ಸುಮ್ಮನೆ ನಿಲ್ಲುತ್ತವೆ. ಮಾವನ ಮಗಳು ಶಾಲೆಯಿಂದ ಬಂದವಳೇ ಮೊದಲು ನೋಡುತ್ತಿದ್ದದ್ದು ಆ ಸಿಗಡಿಗಳನ್ನು.

ಮಾವ ಕ್ಯಾಂಟೀನ್ ನಡೆಸುವವರು. ಬೆಳಿಗ್ಗೆ ಐದಕ್ಕೆ ಹೋದರೆ ರಾತ್ರಿ ಹತ್ತಕ್ಕೆ ಬರುತ್ತಾರೆ. ಕ್ಯಾಂಟೀನಿನ ಲೆಕ್ಕ ಬರೆಯುವುದು ಮತ್ತು ತೊಟ್ಟಿ ನೋಡಿಕೊಳ್ಳುವುದು ನನ್ನ ಪಾಲು. ಒಂದು ಭಾನುವಾರ ಇಬ್ಬರೂ ಮೀನಿನ ಅಂಗಡಿಗೆ ಹೋದೆವು. ಅಲ್ಲಿ ಎರಡೂವರೆ ಇಂಚಿನ ಒಂದು ಮರಿ. ಹಸಿರು ಮೈ, ಮೈತುಂಬ ಓರೆಯಾಗಿ ಎಳೆದ ಕಿತ್ತಳೆ ಗೆರೆ. ಬಟ್ಟೆಯಂಗಡಿಯಲ್ಲಿ ಒಂದೇ ಸೀರೆಗೆ ಮನಸ್ಸು ಸೋತವರ ಹಾಗೆ ನಾನು ಅಲ್ಲೇ ನಿಂತುಬಿಟ್ಟೆ. ಬೆಲೆ 1,800 ರೂಪಾಯಿ.

ಮಾವ ಕೇಳಿದರು, "ಇದು ಉಳಿದವಕ್ಕೆ ಎಂತದೂ ಮಾಡುದಿಲ್ಲ ಅಲ್ವಾ?"

"ಇಲ್ಲ ಮಾವ, ಏನೂ ಮಾಡೋದಿಲ್ಲ" ಅಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ಗೊತ್ತಿದ್ದವನ ಹಾಗೆ ಹೇಳಿದೆ.

ಮೂರನೇ ಬೆಳಿಗ್ಗೆ ಒಂದು ಸಿಗಡಿ ಇರಲಿಲ್ಲ. ಮರಳಿನ ಮೇಲೆ ಬಿಳಿ ಮೀಸೆ ಮಾತ್ರ ಬಿದ್ದಿತ್ತು. ವಾರದೊಳಗೆ ಇನ್ನೊಂದೂ ಹೋಯಿತು. ಆಮೇಲೆ ಬಸವನಹುಳುಗಳ ಸರದಿ, ಖಾಲಿ ಚಿಪ್ಪುಗಳು ಉರುಳಾಡತೊಡಗಿದವು. ಮಾವ ಕೇಳಿದಾಗ "ನೀರು ಕೆಟ್ಟಿರಬೇಕು" ಅಂದೆ. ಪಾಪ, ಅವರು ನಂಬಿದರು. ಹೊಸ ಉಪ್ಪಿನ ಚೀಲ ಬಂತು, ನೀರಿನ ಪರೀಕ್ಷೆಯ ಕಿಟ್ ಬಂತು, ತೊಟ್ಟಿಯ ಅರ್ಧ ನೀರು ಬದಲಾಯಿತು. ನೀರಿನಲ್ಲಿ ದೋಷವಿದ್ದರಲ್ಲವೇ ಸರಿಹೋಗುವುದು! ಅಷ್ಟರಲ್ಲಿ ಮೀನು ತೊಟ್ಟಿಯ ಉದ್ದಗಲಕ್ಕೆ ಗಸ್ತು ಹೊಡೆಯಲು ಸುರು ಮಾಡಿತ್ತು. ಅದರ ಗತ್ತು ನೋಡಿ ಮಾವ ಊರಿನ ನೆನಪಿನಲ್ಲಿ ಅದಕ್ಕೆ 'ಗುರಿಕಾರ' ಎಂದು ಹೆಸರಿಟ್ಟರು.

ಕೊಂಡ ಮೇಲೆ ನಾನು ಓದಲು ಕೂತೆ. ಕೊಳ್ಳುವ ಮೊದಲು ಓದಬೇಕಾಗಿತ್ತು. ಆ ಓದಿನಿಂದಲೂ ದಿನಾ ನೋಡಿದ್ದರಿಂದಲೂ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಬೆನ್ನಿನ ಮೇಲಿನ ಚಿಲಕ

ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಈ ಮೀನಿನ ಬೆನ್ನಿನ ಮೇಲೆ ಮೂರು ಮುಳ್ಳುಗಳಿವೆ. ಮೊದಲನೆಯದು ಉದ್ದ ಮತ್ತು ಗಟ್ಟಿ. ಅದು ನಿಂತಿತೆಂದರೆ ಹಿಂದಿನ ಎರಡನೇ ಮುಳ್ಳು ಅದರ ಬುಡಕ್ಕೆ ಚಿಲಕದ ಹಾಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಮುಳ್ಳನ್ನು ಎಷ್ಟು ಒತ್ತಿದರೂ ಬಗ್ಗದು. ಎರಡನೆಯದನ್ನು ಮೆಲ್ಲಗೆ ಒತ್ತಿದರೆ ಸಾಕು, ಮೊದಲನೆಯದು ತಾನಾಗಿ ಮಡಚಿಕೊಳ್ಳುತ್ತದೆ. ಹೆಸರು ಬಂದದ್ದು ಇದರಿಂದಲೇ.

ಇದರ ಉಪಯೋಗ ಸರಳ. ದೊಡ್ಡ ಮೀನು ಅಟ್ಟಿಸಿಕೊಂಡು ಬಂದಾಗ ಅಥವಾ ರಾತ್ರಿ ಮಲಗುವಾಗ ಇದು ಕಲ್ಲಿನ ಸಂದಿಗೆ ನುಗ್ಗಿ ಮುಳ್ಳೆತ್ತಿ ಹೊಟ್ಟೆಯ ಕೆಳಗಿನ ಎಲುಬನ್ನೂ ಕೆಳಕ್ಕೆ ಚಾಚುತ್ತದೆ. ಮೇಲೂ ಕೆಳಗೂ ಆಧಾರ ಕೊಟ್ಟು ಬಿಗಿದ ಬೆಣೆಯ ಹಾಗೆ. ಎಳೆದರೂ ಬರುವುದಿಲ್ಲ.

ಬಾಯಿ ಚಿಕ್ಕದು, ಆದರೆ ದವಡೆ ಇಕ್ಕಳದಂಥದು. ಕೆಳದವಡೆಯಲ್ಲಿ ಎಂಟು ಹಲ್ಲು, ಮೇಲ್ದವಡೆಯ ಹೊರಸಾಲಿನಲ್ಲಿ ಎಂಟು, ಅದರ ಹಿಂದೆ ಒತ್ತುಗೊಟ್ಟಂತೆ ಇನ್ನೂ ಆರು. ಏಡಿ, ಮರುವಾಯಿ, ಶಂಖ, ಮೈತುಂಬ ಮುಳ್ಳಿರುವ ಕಡಲ ಅರ್ಚಿನ್, ಇವನ್ನೆಲ್ಲ ಒಡೆದು ತಿನ್ನಲು ಮಾಡಿದ ಬಾಯಿ. ಕಣ್ಣುಗಳು ಬಾಯಿಯಿಂದ ಬಲು ದೂರ, ತಲೆಯ ಮೇಲುಭಾಗದಲ್ಲಿವೆ. ಅರ್ಚಿನ್ ಕಚ್ಚುವಾಗ ಮುಳ್ಳು ಕಣ್ಣಿಗೆ ತಾಗಬಾರದಲ್ಲ! ಕೆಲವು ಜಾತಿಗಳು ಬಾಯಿಂದ ನೀರನ್ನು ಪಿಚಕಾರಿಯಂತೆ ಊದಿ ಅರ್ಚಿನ್ನನ್ನು ಮಗುಚಿ, ಮುಳ್ಳು ಕಮ್ಮಿಯಿರುವ ಅಡಿಭಾಗಕ್ಕೆ ಬಾಯಿ ಹಾಕುತ್ತವೆ. ಉಪಾಯಗಾರ ಮೀನು. ಇದೇ ಬಳಗದ ಪಿಕಾಸೊ ಟ್ರಿಗರ್ ಬಣ್ಣಗಳನ್ನು ಗುರುತಿಸಲು ಕಲಿಯುತ್ತದೆಂದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಅದನ್ನಿಟ್ಟುಕೊಂಡು ಮೀನಿನ ದೃಷ್ಟಿಯ ಬಗ್ಗೆ ಪ್ರಯೋಗ ನಡೆಸಿದ್ದಾರೆ. ಅದರ ಹತ್ತಿರದ ನಂಟ ಒಂದನ್ನು ಹವಾಯಿಯವರು 2006ರಲ್ಲಿ ಕಾಯಂ ಆಗಿ ತಮ್ಮ ರಾಜ್ಯದ ಮೀನೆಂದು ಸಾರಿದರು. ಅವರ ಭಾಷೆಯಲ್ಲಿ ಅದರ ಹೆಸರು ಹುಮುಹುಮುನುಕುನುಕುಆಪುವಾಆ. ಹಾಜರಿ ಕರೆಯುವಾಗ ನಮ್ಮ ಹೆಸರಿಗೇ ತಡವರಿಸುವ ಪ್ರಾಧ್ಯಾಪಕರಿಗೆ ಇದನ್ನು ಕೊಟ್ಟು ನೋಡಬೇಕು.

ಕಡಲಲ್ಲಿ ಸರಿ, ತೊಟ್ಟಿಯಲ್ಲಿ ತಪ್ಪು

ಈಗ ನಮ್ಮ ತೊಟ್ಟಿಯ ಪಟ್ಟಿಯನ್ನು ಇನ್ನೊಮ್ಮೆ ಓದಿ: ಸಿಗಡಿ, ಬಸವನಹುಳು, ಏಡಿ, ಹವಳ. ಅದು ನನ್ನ ಕಣ್ಣಿಗೆ ಅಲಂಕಾರದ ಪಟ್ಟಿ, ಗುರಿಕಾರನ ಕಣ್ಣಿಗೆ ಊಟದ ಪಟ್ಟಿ. ಅವನು ಯಾರನ್ನೂ ಕೊಲೆ ಮಾಡಲಿಲ್ಲ. ನಾನು ಬಡಿಸಿದ್ದನ್ನು ಉಂಡ, ಅಷ್ಟೇ.

ಇನ್ನು ಜಗಳದ ಮಾತು. ಟ್ರಿಗರ್ ಮೀನಿಗೆ ತನ್ನ ಜಾಗ ಎಂಬ ಅಭಿಮಾನ ವಿಪರೀತ. ಮರಳಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುವ ಕಾಲದಲ್ಲಂತೂ ಕೇಳಲೇಬೇಡಿ. 75 ಸೆಂಟಿಮೀಟರ್‌ವರೆಗೆ ಬೆಳೆಯುವ ಟೈಟನ್ ಟ್ರಿಗರ್ ಗೂಡು ಕಾಯುವಾಗ ಮುಳುಗುಗಾರ ಮನುಷ್ಯರನ್ನೂ ಕಚ್ಚಿ ಓಡಿಸುತ್ತದೆ. ಅದು ತನ್ನದೆನ್ನುವ ಜಾಗ ಗೂಡಿನಿಂದ ಮೇಲಕ್ಕೆ ಆಲಿಕೆಯ ಹಾಗೆ ಅಗಲವಾಗುತ್ತಾ ಹೋಗುತ್ತದಂತೆ. ಆದ್ದರಿಂದ ಮೇಲಕ್ಕೆ ಏಳಬೇಡಿ, ಪಕ್ಕಕ್ಕೆ ಈಜಿ ತಪ್ಪಿಸಿಕೊಳ್ಳಿ ಎಂದು ಮುಳುಗುಗಾರರಿಗೆ ಹೇಳಿಕೊಡುತ್ತಾರೆ.

ಇಲ್ಲೇ ಇರುವುದು ಮುಖ್ಯ ಸಂಗತಿ. ಕಡಲಲ್ಲಿ ಪೆಟ್ಟು ತಿಂದವನು ಪಕ್ಕಕ್ಕೆ ಈಜಿ ಹೋಗುತ್ತಾನೆ, ಜಗಳ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಪಕ್ಕ ಎಂಬುದೇ ಇಲ್ಲ. ಸೋತವನು ಎಲ್ಲಿಗೆ ಹೋದರೂ ಗೆದ್ದವನ ಅಂಗಳದಲ್ಲೇ ಇರುತ್ತಾನೆ. ಹಾಗಾಗಿ ಗೆದ್ದವನು ಮತ್ತೆ ಮತ್ತೆ ಹೊಡೆಯುತ್ತಾನೆ. ಚಾಳಿನ ಒಂದೇ ಖೋಲಿಯಲ್ಲಿ ಹತ್ತು ಮಂದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಜಗಳವಾದರೆ ಹೊರಗೆ ಗ್ಯಾಲರಿಗಾದರೂ ಬಂದು ನಿಲ್ಲಬಹುದು, ಆ ಡ್ಯಾಮ್ಸೆಲ್ ಮೀನುಗಳಿಗೆ ಅದೂ ಇರಲಿಲ್ಲ. ಆರು ತಿಂಗಳಲ್ಲಿ ಮೂರೂ ಹೋದವು. ಒಂದು ಕ್ಲೌನ್ ಮೀನು ಬಾಲ ಹರಿದುಕೊಂಡು ಫಿಲ್ಟರಿನ ಹಿಂದೆ ಅಡಗಿ ಕೂತಿತ್ತು.

ಎಲ್ಲರೂ ಒಂದೇ ಅಲ್ಲ

ಟ್ರಿಗರ್ ಬಳಗದಲ್ಲಿ ಸುಮಾರು 40 ಜಾತಿಗಳಿವೆ. ಎಲ್ಲಕ್ಕೂ ಒಂದೇ ತಕ್ಕಡಿ ಸಲ್ಲದು. ನಾನು ತಿಳಿದುಕೊಂಡಂತೆ ಕೊಳ್ಳುವವರು ಮೂರು ದರ್ಜೆ ಮಾಡಿಕೊಳ್ಳಬಹುದು.

ಮೊದಲ ದರ್ಜೆ, ನೀರಿನ ನಡುವೆ ತೇಲಿಬರುವ ಸಣ್ಣ ಜೀವಿಗಳನ್ನು ತಿಂದು ಬದುಕುವವು. ನೀಲಿ ಗದ್ದದ ಬ್ಲೂಜಾ ಟ್ರಿಗರ್, ಕೆಂಪು ಹಲ್ಲಿನ ನೈಜರ್ ಟ್ರಿಗರ್ ಈ ಗುಂಪಿನವು. ಹವಳದ ತೊಟ್ಟಿಯಲ್ಲಿ ಯಾವುದಾದರೂ ಟ್ರಿಗರ್ ಇಡಬಹುದೆಂದರೆ ಇವೇ. ಆದರೂ ಸಿಗಡಿಗೆ ಜೀವವಿಮೆ ಇಲ್ಲ.

ಎರಡನೆಯದು, ನಡುವಿನವು. ಪಿಂಕ್‌ಟೇಲ್ ಟ್ರಿಗರ್, ಪಿಕಾಸೊ ಟ್ರಿಗರ್. ಹವಳವನ್ನು ಬಿಟ್ಟರೂ ಏಡಿ, ಸಿಗಡಿಗಳನ್ನು ಬಿಡುವುದಿಲ್ಲ. ಕಲ್ಲು, ಮರಳನ್ನೆಲ್ಲ ತಮ್ಮಿಷ್ಟದಂತೆ ಜರುಗಿಸುತ್ತವೆ.

ಮೂರನೆಯದು, ಒಬ್ಬಂಟಿಯಾಗಿಯೇ ಇರಬೇಕಾದವು. ಕಪ್ಪು ಮೈ, ಹೊಟ್ಟೆಯ ಮೇಲೆ ದೊಡ್ಡ ಬಿಳಿ ಚುಕ್ಕೆಗಳಿರುವ ಕ್ಲೌನ್ ಟ್ರಿಗರ್ 50 ಸೆಂಟಿಮೀಟರ್ ಬೆಳೆಯುತ್ತದೆ. ನಮ್ಮ ಗುರಿಕಾರನ ಜಾತಿ, ಅಂದರೆ ಕಿತ್ತಳೆ ಗೆರೆಯ ಅಂಡುಲೇಟ್ ಟ್ರಿಗರ್, 30 ಸೆಂಟಿಮೀಟರ್ ಅಷ್ಟೇ. ಆದರೆ ಮೀನು ಸಾಕುವವರ ನಡುವೆ ಎಲ್ಲಕ್ಕಿಂತ ಕೆಟ್ಟ ಹೆಸರು ಅದರದೇ. ಹವಳದ ತುದಿಯನ್ನೂ ಕಡಿದು ತಿನ್ನುತ್ತದೆ. ಅಂಗಡಿಯಲ್ಲಿ ಅತಿ ಚಂದ ಕಾಣುವ ಎರಡು ಮೀನುಗಳೇ ಈ ಮೂರನೇ ದರ್ಜೆಯಲ್ಲಿರುವುದು ನಮ್ಮ ದುರದೃಷ್ಟ. ಮರಿಯಲ್ಲಿ ಸಾಧುವಾಗಿದ್ದು ವರ್ಷವಾದ ಮೇಲೆ ಬುದ್ಧಿ ತೋರಿಸುವುದೂ ಉಂಟು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಸಾಕಲೇಬೇಕೆಂದರೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಹೇಳಬಹುದು. ಮೀನಿಗೆ ಹೇಳಲಾಗದು. ಅದು ತನ್ನ ಅಳತೆಗೆ ಬೆಳೆದೇ ತೀರುತ್ತದೆ, ಹಾಸಿಗೆಯನ್ನು ನಾವೇ ದೊಡ್ಡದು ಮಾಡಬೇಕು. ನಮ್ಮ ನಾಲ್ಕಡಿ ತೊಟ್ಟಿ ಒಂಬತ್ತು ಘನ ಅಡಿ, ಅಂದರೆ ಸುಮಾರು 255 ಲೀಟರ್. ದೊಡ್ಡ ಟ್ರಿಗರ್‌ಗೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಾದರೂ ಬೇಕು. ಅದು 24 ಘನ ಅಡಿ, ಸುಮಾರು 680 ಲೀಟರ್. ಉಪ್ಪುನೀರಿನ ಭಾರವೇ ಹತ್ತಿರ ಹತ್ತಿರ 700 ಕಿಲೋ, ಗಾಜು, ಕಲ್ಲು, ಮರಳು ಬೇರೆ. ಮುಂಬಯಿಯ ಹಳೆಯ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ ಇದನ್ನು ಇಡುವ ಮುನ್ನ ಇಂಜಿನಿಯರರನ್ನು ಕೇಳಿ. ಕೆಳಗಿನ ಮನೆಯವರೂ ಮನುಷ್ಯರೇ.

ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಇಷ್ಟು ನೀರಿಗೆ 24 ಕಿಲೋ ಉಪ್ಪು ಬೇಕು. ಅಡುಗೆ ಉಪ್ಪಲ್ಲ, ಕಡಲ ನೀರಿನ ಖನಿಜಗಳೆಲ್ಲ ಸೇರಿದ ತಯಾರಿ ಉಪ್ಪು. ಸಮುದ್ರ ಪಕ್ಕದಲ್ಲೇ ಇದೆಯಲ್ಲ ಎನ್ನಬೇಡಿ. ನಮ್ಮ ನಗರದ ದಂಡೆಯ ನೀರಿನ ಬಣ್ಣ ನಿಮಗೇ ಗೊತ್ತು. ಉಪ್ಪನ್ನು ಆರ್‌ಓ ನೀರಿನಲ್ಲಿ ಕರಗಿಸಿ, ಸಾಂದ್ರತೆ 1.025, ಉಷ್ಣತೆ 25-26 ಡಿಗ್ರಿ ಇರುವಂತೆ ನೋಡಿಕೊಳ್ಳಬೇಕು.

ಟ್ರಿಗರ್ ಚೆನ್ನಾಗಿ ತಿನ್ನುತ್ತದೆ, ತಿಂದಷ್ಟು ಗಲೀಜೂ ಮಾಡುತ್ತದೆ. ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಕಲ್ಲು, ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಮೀನು ಬಿಡಬಾರದು. ಉಳಿದ ನೈಟ್ರೇಟ್ ಹೋಗಬೇಕಾದರೆ ಆಗಾಗ ಸ್ವಲ್ಪ ಸ್ವಲ್ಪ ನೀರು ಬದಲಿಸುವುದೇ ದಾರಿ.

ಆಹಾರಕ್ಕೆ ಸಿಪ್ಪೆ ಸಮೇತ ಸಿಗಡಿ, ಚಿಪ್ಪಿನೊಂದಿಗೆ ಮರುವಾಯಿ, ಬೊಂಡಾಸಿನ ತುಂಡು ಕೊಡಿ. ಮೆತ್ತಗಿನದನ್ನೇ ಕೊಡಬಾರದು. ಯಾಕಂದ್ರೆ ಇದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಗಟ್ಟಿ ಪದಾರ್ಥ ಕಚ್ಚಿದರೆ ಮಾತ್ರ ಸವೆದು ಹದದಲ್ಲಿರುತ್ತದೆ. ಉಳಿದದ್ದನ್ನು ಕೂಡಲೇ ತೆಗೆದುಬಿಡಿ.

ಬೇರೆ ಮೀನುಗಳ ಜೊತೆ ಇಡುವುದಾದರೆ ಟ್ರಿಗರ್ ಅನ್ನು ಎಲ್ಲರಿಗಿಂತ ಕೊನೆಗೆ ಬಿಡಿ. ಮೊದಲು ಬಂದವನು ಮನೆ ತನ್ನದೆನ್ನುತ್ತಾನೆ. ನಾನು ಎರಡು ಸಲ ಕಲ್ಲುಗಳ ಜಾಗ ಬದಲಿಸಿ ನೋಡಿದೆ. ಗಡಿ ಗೊತ್ತಾಗದೆ ಎರಡು ದಿನ ಸುಮ್ಮನಿದ್ದ, ಮೂರನೇ ದಿನ ಹೊಸ ಗಡಿ ಹಾಕಿಕೊಂಡ. ಹೀಟರಿಗೆ ಕವಚ ಬೇಕು, ವೈರು ಬಾಯಿಗೆ ಸಿಗದಂತಿರಬೇಕು. ಹಿಡಿಯಲು ಬಲೆ ಬೇಡ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಿಂದ ನೀರಿನ ಸಮೇತ ಎತ್ತಿ. ಸಂದಿಯಲ್ಲಿ ಕೂತಿದ್ದರೆ ಎಳೆಯಬೇಡಿ, ಕಲ್ಲಿನ ಸಮೇತ ಎತ್ತಿ.

ಮತ್ತೊಂದು ಮಾತು ಹವಳದ ಬಗ್ಗೆ. 2001ರಲ್ಲಿ ನಮ್ಮ ಕಡಲಿನ ಕಲ್ಲು ಹವಳಗಳನ್ನೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಸೇರಿಸಿದರು. ಅದನ್ನು ಕಿತ್ತು ತರುವುದೂ ಮಾರುವುದೂ ಅಪರಾಧ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆಂದರೆ ಬೇಡ ಎನ್ನಿ.

ಕೊನೆಯ ಲೆಕ್ಕ

ಕ್ಲೌನ್ ಮೀನಿನ ಹರಿದ ಬಾಲ ನೋಡಿ ಮಾವನ ಮಗಳು ಅತ್ತ ರಾತ್ರಿ ನಾನು ಮಾವನಿಗೆ ಎಲ್ಲ ಹೇಳಿದೆ. ನೀರು ಕೆಟ್ಟಿರಲಿಲ್ಲ, ಅಂಗಡಿಯಲ್ಲಿ ನಾನು ಹೇಳಿದ್ದೇ ಸುಳ್ಳು ಅಂತ. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಪ್ಪು ತಿಂದವ ನೀರು ಕುಡಿಯಲೇಬೇಕು. ಆ ಉಪ್ಪಿನ ಚೀಲದ ಲೆಕ್ಕ ನಿನ್ನ ಖಾತೆಗೆ ಬರಿ" ಅಂದರು. ಬರೆದೆ. ತಿಂಗಳಿಗೆ 300 ರೂಪಾಯಿಯಂತೆ ಈಗಲೂ ತೀರುತ್ತಿದೆ.

ಗುರಿಕಾರನನ್ನು ಏನು ಮಾಡುವುದು? ಕೊಂಡ ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅತ್ತೆ "ಒಂದು ಗಸಿ ಮಾಡಿದ್ರೆ ಎಲ್ಲ ಸರಿಯಾಗ್ತದೆ" ಎಂದು ನಗಾಡಿದರು. ಸಮುದ್ರಕ್ಕೆ ಬಿಟ್ಟುಬಿಡು ಎಂದರು ಗೆಳೆಯರು. ಹವಳದ ದಿಬ್ಬದ ಮೀನು ನಮ್ಮ ದಂಡೆಯ ಕೆಸರುನೀರಿನಲ್ಲಿ ಬದುಕಲಾರದು. ಬದುಕಿದರೂ ತೊಟ್ಟಿಯ ರೋಗವನ್ನು ಕಡಲಿಗೆ ಕೊಟ್ಟ ಹಾಗಾಗುತ್ತದೆ. ಕೊನೆಗೆ ನಾಲ್ಕಡಿಯ ತೊಟ್ಟಿಯನ್ನು ಅವನಿಗೇ ಬಿಟ್ಟುಕೊಟ್ಟೆವು. ಕ್ಲೌನ್ ಮೀನುಗಳಿಗೂ ಅಣಬೆ ಹವಳಕ್ಕೂ ಬೇರೆ ಎರಡಡಿಯ ತೊಟ್ಟಿ ಬಂತು. ಅವನಿನ್ನೂ ಐದು ಇಂಚು. ಪೂರ್ತಿ ಬೆಳೆದಾಗ ಆರಡಿಯದು ಬೇಕು. ಟ್ರಿಗರ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ನಾನು ಡಿಗ್ರಿ ಮುಗಿಸಿ, ನೌಕರಿ ಹಿಡಿದು, ಬಹುಶಃ ಮದುವೆಯೂ ಆದ ಮೇಲೆ ಇವನಿಗೆ ಮರುವಾಯಿ ತರುತ್ತಿರಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ದೀರ್ಘಾವಧಿ ಹೊಣೆ ಎನ್ನುತ್ತಾರೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಲ್ಪೆ ಬಂದರಿನಲ್ಲಿ ಒಂದು ರಾಶಿ ಕಪ್ಪು-ನೀಲಿ ಮೀನು ನೋಡಿದೆ. ಬೆನ್ನಿನ ಮೇಲೆ ಅದೇ ಮುಳ್ಳು, ಬಾಯಲ್ಲಿ ಕೆಂಪು ಹಲ್ಲು. ಅಂಗಡಿಯಲ್ಲಿ ದೀಪ ಹಾಕಿ ಮಾರುವ ನೈಜರ್ ಟ್ರಿಗರ್! ನಮ್ಮ ಕರಾವಳಿಯಲ್ಲಿ ಅದಕ್ಕೆ ಕಾರ್ಗಿಲ್ ಮೀನು ಎನ್ನುತ್ತಾರೆ. ಹಿಂಡು ಹಿಂಡಾಗಿ ಬಲೆಗೆ ಬೀಳುತ್ತದೆ. ಚರ್ಮ ದಪ್ಪ, ಮನೆಗೆ ಕೊಳ್ಳುವವರು ಕಮ್ಮಿ, ಹೆಚ್ಚಿನದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಬೆಸ್ತರಿಗೆ ಅದು ಬಲೆಗೆ ಬಿದ್ದ ಪೀಡೆ, ಮುಂಬಯಿಯ ಗಿರಾಕಿಗೆ ಸಾವಿರಾರು ರೂಪಾಯಿಯ ಚೆಲುವೆ, ಅಲ್ಲೇ ಸ್ವಲ್ಪ ದೂರದ ನೇತ್ರಾಣಿ ದ್ವೀಪದ ಹವಳದ ಕಲ್ಲುಗಳ ನಡುವೆ ಯಾರ ಗೊಡವೆಯೂ ಇಲ್ಲದ ಒಂದು ಮೀನು. ಮೀನು ಒಂದೇ. ಅದಕ್ಕೆ ಒಳ್ಳೆಯದು ಕೆಟ್ಟದು ಎಂಬ ಹೆಸರು ಬರುವುದು ನಾವು ಅದನ್ನು ಎಲ್ಲಿಟ್ಟೆವು ಎಂಬುದರಿಂದ.

ಆದ್ದರಿಂದ ಸ್ನೇಹಿತರೇ, ಅಂಗಡಿಯಲ್ಲಿ ಬಣ್ಣಕ್ಕೆ ಮನಸೋತಾಗ ಮೂರು ಪ್ರಶ್ನೆ ಕೇಳಿ: ಇದು ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ. ಯಾರಾದರೂ ನಿಮ್ಮನ್ನು ಕೇಳಿದರೆ, ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎನ್ನಿ. ನನಗೆ ಆ ಒಂದು ಮಾತಿನ ಬೆಲೆ ಎರಡು ಸಿಗಡಿ, ಮೂರು ಡ್ಯಾಮ್ಸೆಲ್ ಮತ್ತು ಒಂದು ಚೀಲ ಉಪ್ಪು.

ಗುರಿಕಾರನನ್ನು ನೋಡಬೇಕೆನಿಸಿದರೆ ಯಾವ ಭಾನುವಾರವಾದರೂ ಬನ್ನಿ. ಅತ್ತೆ ಚಾ ಕೊಡುತ್ತಾರೆ. ನೀರಿಗೆ ಬೆರಳು ಮಾತ್ರ ಹಾಕಬೇಡಿ.